ಸೆಕೆಂಡ್ ಹ್ಯಾಂಡ್ ಸ್ಪೀಕರ್: ಕಾರವಾರದ ಉಪ್ಪು ಗಾಳಿಗೆ ಯಾವುದು ತಾಳುತ್ತದೆ?

ಕೋಡಿಬಾಗ ಮಾಸ್ತರ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಮನೆಯಿಂದ ಸಮುದ್ರ ದೂರ ಇಲ್ಲ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಹಾಡು ಕೇಳುವ ಕೋಣೆ 12ಕ್ಕೆ 14 ಅಡಿ.

ಅಪ್ಪ ಧಾರವಾಡ ಆಕಾಶವಾಣಿ ಹಚ್ಚಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಿದ್ದರು. ಹಾಗಾಗಿ ನನಗೆ ಹಾಡು ಎಂದರೆ ರೇಡಿಯೋದ ಆ ಸಣ್ಣ ದನಿಯೇ ಆಗಿತ್ತು. ಹೋದ ವರ್ಷ ಶಿರಸಿಯ ಗೆಳೆಯನ ಮನೆಯಲ್ಲಿ ಒಳ್ಳೆಯ ಸೆಟ್ಟಿನಲ್ಲಿ ಮನ್ಸೂರರನ್ನು ಕೇಳಿದೆ. ಅವರು ಉಸಿರು ತೆಗೆದುಕೊಳ್ಳುವುದು, ಹಿಂದಿನ ತಂಬೂರಿಯ ಒಂದೊಂದು ತಂತಿ, ಎಲ್ಲ ಬೇರೆ ಬೇರೆ ಕೇಳಿತು. ಅಂದಿನಿಂದ ದುಡ್ಡು ಕೂಡಿಡುತ್ತಿದ್ದೇನೆ. ಈಗ ಕೈಯಲ್ಲಿ 75,000 ಇದೆ. ಹೊಸದಕ್ಕೆ ಸಾಲುವುದಿಲ್ಲ.

ಎರಡು ಸೆಟ್ ಕಣ್ಣಿಗೆ ಬಿದ್ದಿವೆ. ಒಂದು ಇಲ್ಲೇ ಊರಲ್ಲಿ. ವರ್ಗವಾಗಿ ಹೋಗುವ ನೌಕಾಪಡೆಯ ಕುಟುಂಬದವರು 1980ರ ದಶಕದ ಇನ್ಫಿನಿಟಿ ಕಪ್ಪಾ ಸ್ಪೀಕರ್ ಜೋಡಿಯನ್ನು 30,000ಕ್ಕೆ ಕೊಡುತ್ತಾರಂತೆ. ಆಳೆತ್ತರದ ಪೆಟ್ಟಿಗೆ, ನೋಡಲು ಬಹಳ ಚಂದ. ಇನ್ನೊಂದು ಹುಬ್ಬಳ್ಳಿಯಲ್ಲಿ: ಕೆಇಎಫ್ ಎಲ್ಎಸ್50 ಜೋಡಿ, ಜೊತೆಗೆ ಎನ್ಎಡಿ ಸಿ 326ಬಿಇಇ ಆಂಪ್ಲಿಫೈಯರ್. ಎರಡೂ ಸೇರಿ 68,000. ಯಾವುದು ತರಲಿ? ಹೋದಾಗ ಏನೇನು ನೋಡಬೇಕು?

ಅಘನಾಶಿನಿ:

ಮಾಸ್ತರೇ, ನಾನು ಶಿರಸಿಯವನು. ಇಪ್ಪತ್ತು ವರ್ಷದಿಂದ ಹಳೆಯ ಸೆಟ್ಟುಗಳನ್ನು ಕೊಳ್ಳುತ್ತಾ ಮಾರುತ್ತಾ ಬಂದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕಂಪನಿ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಈ ಪೆಟ್ಟಿಗೆ ಯಾವ ಊರಲ್ಲಿ ಎಷ್ಟು ಮಳೆಗಾಲ ಕಳೆದಿದೆ? ಸಮುದ್ರದ ಪಕ್ಕದ ಮನೆಯಲ್ಲಿ ಐದು ವರ್ಷ ಇದ್ದದ್ದು ಹುಬ್ಬಳ್ಳಿಯಲ್ಲಿ ಹದಿನೈದು ವರ್ಷ ಇದ್ದದ್ದಕ್ಕಿಂತ ಜಾಸ್ತಿ ಸವೆದಿರುತ್ತದೆ. ನೌಕಾಪಡೆಯವರ ಸ್ಪೀಕರ್ ಬಹುಶಃ ಒಂದು ಬಂದರಿನಿಂದ ಇನ್ನೊಂದು ಬಂದರಿಗೇ ಹೋಗಿರಬಹುದು. ಕೇಳಿ ನೋಡಿ.

ಆ ಕಾಲದ ಕಪ್ಪಾಗಳಲ್ಲಿ ದೊಡ್ಡ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಸುತ್ತ ಇರುವುದು ಫೋಮ್ ಅಂಚು. ಫೋಮ್ ಹತ್ತಿಪ್ಪತ್ತು ವರ್ಷಕ್ಕೆ ತಾನಾಗಿ ಪುಡಿಯಾಗುತ್ತದೆ. ನಮ್ಮ ತೇವಕ್ಕೆ ಇನ್ನೂ ಬೇಗ. ಮುಂದಿನ ಬಟ್ಟೆಯ ಜಾಲರಿ ತೆಗೆಸಿ, ಬೆರಳ ತುದಿಯಿಂದ ಅಂಚನ್ನು ಮೆಲ್ಲಗೆ ಮುಟ್ಟಿ. ಅಂಟಿದರೆ ಅಥವಾ ಉದುರಿದರೆ ಅಂಚು ಮುಗಿದಿದೆ ಅಂತ. ಹೊಸ ಫೋಮ್ ಹಚ್ಚಿಸಬಹುದು, ಆದರೆ ಕೋನ್ ಸರಿಯಾಗಿ ನಡುವಿಗೆ ಕೂರಿಸಲು ಪಳಗಿದ ಕೈ ಬೇಕು. ಇನ್ನೊಂದು ತೊಂದರೆ, ಆ ಸಾಲಿನ ದೊಡ್ಡ ಮಾಡೆಲ್ಲುಗಳನ್ನು ಸಣ್ಣ ಆಂಪ್ಲಿಫೈಯರ್ ಎಳೆಯಲಾರದು. ನಿಮ್ಮ ಕೋಣೆಗೆ ಅವು ದೊಡ್ಡವೂ ಆದವು.

ಎಲ್ಎಸ್50 ಬಂದದ್ದು 2012ರಲ್ಲಿ. ಅದರ ಅಂಚು ರಬ್ಬರಿನದು. ಸದ್ದು ಚಿಕ್ಕದು, ಸೂಕ್ಷ್ಮತೆ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬ ಲೆಕ್ಕ) 85 ಡೆಸಿಬೆಲ್. ಅಂದರೆ ಆಂಪ್ಲಿಫೈಯರ್ ಸ್ವಲ್ಪ ಗಟ್ಟಿ ಇರಬೇಕು. 12ಕ್ಕೆ 14ರ ಕೋಣೆಯಲ್ಲಿ ಎನ್ಎಡಿಯ 50 ವಾಟ್ ಸಾಕು. ಚಂಡೆಯ ಪೆಟ್ಟು ಎದೆಗೆ ಬಡಿಯಬೇಕು ಅಂದರೆ ಅದರಲ್ಲಿ ಆಗುವುದಿಲ್ಲ. ಮನ್ಸೂರರ ದನಿಗೆ, ತಂಬೂರಿಗೆ ಅದಕ್ಕಿಂತ ಒಳ್ಳೆಯದು ಈ ದುಡ್ಡಿಗೆ ನಾನು ಕೇಳಿಲ್ಲ.

ಇನ್ನೊಂದು ಮಾತು, ಮುಂದೆ ರೆಕಾರ್ಡ್ ಪ್ಲೇಯರ್ ಕೊಳ್ಳುವಾಗ ನೆನಪಿರಲಿ. ಅಮೆರಿಕದಿಂದ ಬಂದವರೊಬ್ಬರ ಬೆಲ್ಟ್ ಡ್ರೈವ್ ಪ್ಲೇಯರನ್ನು ನಾನು ಕೊಂಡಿದ್ದೆ. 120 ವೋಲ್ಟಿನದು ಅಂತ ಟ್ರಾನ್ಸ್‌ಫಾರ್ಮರ್ ಹಾಕಿದೆ. ತಿರುಗಿತು. ಆದರೆ ಹಾಡು ಯಾಕೋ ಜಗ್ಗಿದ ಹಾಗೆ ಕೇಳುತ್ತಿತ್ತು. ಅಮ್ಮ ಹಾರ್ಮೋನಿಯಂ ತಂದು ಸ ಹಿಡಿದು ನೋಡಿದಳು. "ಮೂರು ಮನೆ ಕೆಳಗಿದೆಯಲ್ಲೋ" ಅಂದಳು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಆ ಮೋಟರಿನ ವೇಗ ಹರ್ಟ್ಸಿನ ಮೇಲೆಯೇ ನಿಂತಿದೆ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದದ್ದು 28ರ ಒಳಗೆ ತಿರುಗುತ್ತಿತ್ತು. ಮೋಟರಿನ ಪುಲ್ಲಿ ಬದಲಿಸಿದ ಮೇಲೆ ಸ ಜಾಗಕ್ಕೆ ಬಂತು. ಅಮ್ಮನ ಆ ಕಿವಿ ಇಲ್ಲದಿದ್ದರೆ ನಾನು ವರ್ಷಗಟ್ಟಲೆ ಹಾಗೇ ಕೇಳುತ್ತಿದ್ದೆ.

ಕುಮಟಾ ರಿಪೇರಿ:

ಅಘನಾಶಿನಿಯವರು ಹೇಳಿದ್ದು ಸರಿ. ಹುಬ್ಬಳ್ಳಿಗೆ ಹೋಗುವಾಗ ಒಂದು ಮಲ್ಟಿಮೀಟರ್ ಒಯ್ಯಿರಿ. ಸ್ಪೀಕರಿನ ಎರಡು ತುದಿಗೆ ಹಿಡಿದು ಓಮ್ ನೋಡಿ. ಮೇಲೆ 8 ಅಂತ ಬರೆದಿದ್ದರೂ ಮೀಟರ್ ಕಡಿಮೆ ತೋರಿಸುತ್ತದೆ, ಹೆದರಬೇಡಿ. ಎಡ ಬಲ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು, ಅಷ್ಟೆ.

ಆಂಪ್ಲಿಫೈಯರ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಹಚ್ಚಿಡುವುದು ಬೇಡ ಅಂತ ಫೋನಿನಲ್ಲೇ ಹೇಳಿಬಿಡಿ. ತಣ್ಣಗಿದ್ದಾಗ ಕಾಣುವ ಕಾಯಿಲೆ ಬಿಸಿಯಾದ ಮೇಲೆ ಅಡಗುತ್ತದೆ. ಸ್ಪೀಕರ್ ಕಳಚಿ, ವಾಲ್ಯೂಮ್ ಸೊನ್ನೆಗೆ ಇಟ್ಟು, ಸ್ಪೀಕರ್ ತುದಿಗಳಲ್ಲಿ ಡಿಸಿ ವೋಲ್ಟ್ ನೋಡಿ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆ ಇಲ್ಲ. ಆಮೇಲೆ ಒಂದು ಗಂಟೆ ಓಡಿಸಿ.

ಆ ಎನ್ಎಡಿಯ ಹಿಂದೆ ಪ್ರಿ ಔಟ್, ಮೇನ್ ಇನ್ ಅಂತ ಇರುವಲ್ಲಿ ಲೋಹದ ಸಣ್ಣ ಕೊಕ್ಕೆಗಳಿವೆ. ಅವು ಕಿಲುಬು ಹಿಡಿದರೆ ಒಂದು ಕಡೆಯ ಸದ್ದು ಹೋಗಿ ಬಂದು ಮಾಡುತ್ತದೆ. ಎಷ್ಟೋ ಜನ ಆಂಪ್ಲಿಫೈಯರ್ ಕೆಟ್ಟಿತು ಅಂತ ನನ್ನ ಹತ್ತಿರ ಹೊತ್ತು ತಂದಿದ್ದಾರೆ. ಕೊಕ್ಕೆ ತೆಗೆದು ಒರೆಸಿ ಕೂರಿಸಿದರೆ ಮುಗಿಯಿತು.

ಹೊನ್ನಾವರ ಅಕ್ಕ:

ಒಂದು ಮಾತು ಸೇರಿಸುತ್ತೇನೆ. ಎಲ್ಎಸ್50ಗೆ ಹಿಂದೆ ಗಾಳಿ ತೂತು ಇದೆ. ನಮ್ಮ ಮನೆಯ ಸ್ಪೀಕರಿನ ಅಂಥ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬೇಸಿಗೆ ರಜೆಗೆ ತವರಿಗೆ ಹೋಗಿ ಬರುವಷ್ಟರಲ್ಲಿ! ಅದರ ಜೊತೆ ಕೊಡುವ ಫೋಮ್ ಬಿರಡೆಗಳನ್ನು ಕೇಳಿ ಇಸ್ಕೊಳ್ಳಿ, ಊರಿಗೆ ಹೋಗುವಾಗ ಹಾಕಿ ಹೋಗಿ. ಆಂಪ್ಲಿಫೈಯರಿನ ಗಾಳಿಕಿಂಡಿಯೊಳಗೆ ಹಲ್ಲಿ ಹೊಕ್ಕದ ಹಾಗೂ ನೋಡಿಕೊಳ್ಳಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಹಚ್ಚಿದರೆ ಒಳಗೆ ಒಣಗಿರುತ್ತದೆ. ಸಿಡಿಲು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಕೋಡಿಬಾಗ ಮಾಸ್ತರ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಮೊದಲು ಇಲ್ಲಿನ ಇನ್ಫಿನಿಟಿ ನೋಡಿಬಂದೆ. ಮುಟ್ಟಿದ ಕೂಡಲೇ ಬೆರಳಿಗೆ ಕಪ್ಪು ಪುಡಿ ಬಂತು. ಅವರಿಗೂ ಗೊತ್ತಿರಲಿಲ್ಲ, ಪಾಪ. ಮೊದಲು ವಿಶಾಖಪಟ್ಟಣದಲ್ಲಿ ಇದ್ದರಂತೆ. ಫೋಮ್ ಬದಲಿಸಿ ಮಾರಿದರೆ ಬೆಲೆ ಬರುತ್ತದೆ ಅಂತ ಹೇಳಿ ಬಂದೆ.

ಭಾನುವಾರ ಹುಬ್ಬಳ್ಳಿಗೆ ಹೋದೆ. ಮಾರುವವರು ಬಹಳ ಒಳ್ಳೆಯವರು, ಬಿಲ್ಲು, ಮೂಲ ಡಬ್ಬ, ಬಿರಡೆ ಎಲ್ಲ ಇಟ್ಟಿದ್ದರು. ಎರಡೂ ಸ್ಪೀಕರ್ ಮೀಟರಿನಲ್ಲಿ ಸಮ. ಡಿಸಿ 11 ಮತ್ತು 14 ಮಿಲಿವೋಲ್ಟ್. ಆದರೆ ಇಪ್ಪತ್ತು ನಿಮಿಷಕ್ಕೆ ಬಲಗಡೆ ಸದ್ದು ನಿಂತಿತು. ಅವರ ಮುಖ ಬಾಡಿತು. ನಾನು ಹಿಂದಿನ ಕೊಕ್ಕೆ ತೆಗೆದು ಕರವಸ್ತ್ರದಲ್ಲಿ ಒರೆಸಿ ಹಾಕಿದೆ, ಸರಿಹೋಯಿತು! ಅದನ್ನು ತೋರಿಸಿ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಅವರೇ 3,000 ಬಿಟ್ಟರು. ಅರಬೈಲ್ ಘಾಟಿ ಇಳಿಯುವಾಗ ಆಂಪ್ಲಿಫೈಯರನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದೆ.

ಈಗ ಸ್ಪೀಕರ್‌ಗಳು ಊಟದ ಮೇಜಿನ ಮೇಲಿವೆ. ಸ್ಟ್ಯಾಂಡ್ ಮಾಡಿಸಬೇಕು. ಕಬ್ಬಿಣದ ಪೈಪಿನ ಸ್ಟ್ಯಾಂಡಿನೊಳಗೆ ಮರಳು ತುಂಬಿದರೆ ಅದುರುವುದಿಲ್ಲ ಅಂತ ಓದಿದೆ. ಮರಳಿಗೆ ನಮ್ಮಲ್ಲಿ ಏನು ಬರ, ಬೀಚಿನಿಂದ ತರಲೇ?

ಅಘನಾಶಿನಿ:

ಬೇಡ ಬೇಡ ಮಾಸ್ತರೇ, ಬೀಚಿನ ಮರಳು ಮುಟ್ಟಲೇಬೇಡಿ. ಅದರಲ್ಲಿರುವ ಉಪ್ಪು ತೇವ ಎಳೆಯುತ್ತದೆ, ಪೈಪು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕಾಳಿ ನದಿಯ ಮರಳೂ ನಿಮ್ಮ ಕಡೆ ಉಪ್ಪಿನದೇ, ಅಲ್ಲಿಯವರೆಗೆ ಭರತದ ನೀರು ಬರುತ್ತದಲ್ವಾ. ಮೇಲಿನ ಹೊಳೆಯ ಮರಳು ಸಿಕ್ಕರೆ ತೊಳೆದು, ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ ತುಂಬಿ. ಪೈಪನ್ನು ಪೂರ್ತಿ ತುಂಬುವುದು ಬೇಡ, ಮುಕ್ಕಾಲು ಸಾಕು. ಎತ್ತರ 24 ಇಂಚು ಇರಲಿ. ನೀವು ಯಾವ ಕುರ್ಚಿಯಲ್ಲಿ ಕೂರುತ್ತೀರೋ ಅದರಲ್ಲಿ ಕೂತು, ಕಿವಿಯ ಮಟ್ಟಕ್ಕೆ ಅಳತೆ ತೆಗೆದ ಮೇಲೆಯೇ ವೆಲ್ಡಿಂಗಿಗೆ ಕೊಡಿ.