ಎರಡು ಹಸು ಇವೆ, ಗೊಬ್ಬರ ಸಾಲುತ್ತಿಲ್ಲ. ಕುರಿ ತರಲಾ?

ಗುಬ್ಬಿ_ರಾಗಿಹೊಲ:
ನಮಸ್ಕಾರ. ನಮ್ಮದು ಎರಡೂವರೆ ಎಕರೆ. ಒಂದೂವರೆ ಎಕರೆಯಲ್ಲಿ ಮಳೆ ನಂಬಿ ರಾಗಿ, ಉಳಿದಿದ್ದು ತೆಂಗು. ಬೋರ್‌ವೆಲ್ ಇದೆ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಇದ್ದರೂ ಪ್ರತಿ ವರ್ಷ ಯೂರಿಯಾ, ಡಿಎಪಿಗೆ ದುಡ್ಡು ಸುರಿಯುತ್ತಿದ್ದೇವೆ. ಗೊಬ್ಬರಕ್ಕಾಗಿ ಹತ್ತು ಕುರಿ ತರೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಏನು ಮಾಡಲಿ?

ತಿಪಟೂರು_ತೋಟ:
ಅಪ್ಪನ ಮಾತು ಕೇಳಿ ತಮ್ಮ. ಮೊದಲು ಕೊಟ್ಟಿಗೆ ನೋಡಿ. ಬೆಳಿಗ್ಗೆ ಒಳಗೆ ಹೋದ ತಕ್ಷಣ ಮೂಗಿಗೆ ಘಾಟು ಹೊಡೆಯುತ್ತಾ? ನಿಮ್ಮ ಯೂರಿಯಾ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಯೂರಿಯಾದಲ್ಲಿರುವ ಸತ್ವವೇ ಸಾರಜನಕ, ಹಸು ಹೊರಹಾಕುವ ಸಾರಜನಕದಲ್ಲಿ ದೊಡ್ಡ ಪಾಲು ಇರುವುದು ಗಂಜಲದಲ್ಲಿ. ನಾವೆಲ್ಲ ಸಗಣಿ ಬಾಚಿ ತಿಪ್ಪೆಗೆ ಹಾಕುತ್ತೇವೆ, ಗಂಜಲ ಚರಂಡಿಗೆ ಬಿಡುತ್ತೇವೆ. ಇದನ್ನು ನೋಡಿದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತೆ.

ನಮ್ಮ ಕೊಟ್ಟಿಗೆಯಲ್ಲಿ ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಹಿಂಗಾಲಿನ ಹತ್ತಿರ ಸಣ್ಣ ಕಾಲುವೆ ಮಾಡಿಸಿದ್ದೇನೆ. ಅದು ಹೊರಗಿನ ಮುಚ್ಚಿದ ತೊಟ್ಟಿಗೆ ಸೇರುತ್ತದೆ. ನೀರು ಬೆರೆಸಿ ತೆಂಗಿನ ಪಾತಿಗೆ ಬಿಡುತ್ತೇನೆ. ಹಸು ತಿಂದು ಬಿಟ್ಟ ಹುಲ್ಲು, ರಾಗಿ ಹೊಟ್ಟು ರಾತ್ರಿ ಕಾಲಡಿ ಹರಡಿ, ಉಳಿದ ಗಂಜಲ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಸಗಣಿ ಜೊತೆ ಗುಂಡಿಗೆ ಹಾಕಿ. ಗುಂಡಿ ನೆರಳಲ್ಲಿರಲಿ, ಮೇಲೆ ಮಣ್ಣು ಮುಚ್ಚಿ.

ಮೇವಿಗೆ ತೆಂಗಿನ ನಡುವೆ ಬಿಸಿಲು ಬೀಳುವ ಕಡೆ ಸಿಒ-4 ನೇಪಿಯರ್ ಅನ್ನೋ ಎತ್ತರದ ಮೇವಿನ ಹುಲ್ಲು ನೆಡಿ. ಮೊದಲ ಕಟಾವಿಗೆ ಎರಡೂವರೆ ತಿಂಗಳು, ಆಮೇಲೆ 45 ದಿನಕ್ಕೊಮ್ಮೆ. ಬದುವಿನಲ್ಲಿ ಅಗಸೆ ಮರ, ನುಗ್ಗೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು (ಮಿಶ್ರ ಬೆಳೆಯ ಸಾಲು) ಹಾಕುವುದನ್ನು ಬಿಡಬೇಡಿ. ಕಾಳು ಮನೆಗೆ, ಹೊಟ್ಟು ಹಸುವಿಗೆ.

ಹಿರಿಯೂರು_ಕೆಂಪುಮಣ್ಣು:
ಕುರಿ ಗೊಬ್ಬರಕ್ಕೆ ಕುರಿ ಸಾಕಲೇಬೇಕು ಅಂತೇನಿಲ್ಲ, ಅಲ್ವಾ? ಬೇಸಿಗೆಯಲ್ಲಿ ಕುರಿಗಾರರು ಬಂದಾಗ ಹೊಲದಲ್ಲಿ ಮಂದೆ ನಿಲ್ಲಿಸಿ. ರಾತ್ರಿಗೆ ಇಷ್ಟು ಅಂತ ಮಾತಾಡಿಕೊಳ್ಳಿ. ನಮ್ಮ ಕಡೆ ದುಡ್ಡಿನ ಜೊತೆ ರಾಗಿಯನ್ನೂ ಕೊಡುತ್ತೇವೆ. ದಿನಾ ಜಾಗ ಬದಲಿಸಿದರೆ ಹಿಕ್ಕೆ, ಗಂಜಲ ಎರಡೂ ಹೊಲಕ್ಕೆಲ್ಲ ಬೀಳುತ್ತೆ. ಒಣಗಲು ಬಿಡದೆ ಮೇಲೆ ಒಂದು ಸಲ ಕುಂಟೆ ಹೊಡೆಯಿರಿ.

ಗುಬ್ಬಿ_ರಾಗಿಹೊಲ:
ಕಾಲುವೆ ಕೆಲಸ ಈ ವಾರವೇ ಶುರು ಮಾಡುತ್ತೇನೆ ಅಣ್ಣ. ಎರಡೇ ಹಸುವಿಗೆ ಗೋಬರ್ ಗ್ಯಾಸ್ ಆಗುತ್ತಾ?

ತಿಪಟೂರು_ತೋಟ:
ಧಾರಾಳವಾಗಿ. ಒಂದು ಘನ ಮೀಟರಿನ ಗ್ಯಾಸ್ ಘಟಕ ಸಾಕು. ದಿನಕ್ಕೆ ಸುಮಾರು 25 ಕೆಜಿ ಸಗಣಿ, ಅಷ್ಟೇ ನೀರು. ಒಲೆ ಉರಿದ ಮೇಲೂ ಗೊಬ್ಬರದ ಸತ್ವ ಸ್ಲರಿಯಲ್ಲೇ (ಘಟಕದಿಂದ ಹೊರಬರುವ ಸಗಣಿ ರಾಡಿ) ಉಳಿಯುತ್ತದೆ. ಜಾಗ ಮಾತ್ರ ಕೊಟ್ಟಿಗೆ ಪಕ್ಕದಲ್ಲೇ, ತೋಟಕ್ಕಿಂತ ಎತ್ತರದಲ್ಲಿ ನೋಡಿ. ಸ್ಲರಿ ತಾನಾಗೇ ಪಾತಿಗೆ ಹರಿಯುತ್ತದೆ, ಹೊರುವ ಕೆಲಸ ತಪ್ಪುತ್ತದೆ.