ಅಪ್‌ಡೇಟ್: ಪದ್ಮಿನಿಯ ಸ್ಟೇರಿಂಗ್ ನಡುಕ ನಿಂತಿತು
ಹೋದ ವಾರ ಕೇಳಿದ್ದೆನಲ್ಲ, ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಹಾಸನದ ಒಳಗೆ ಚೆನ್ನಾಗೇ ಓಡುತ್ತದೆ, ಬೆಂಗಳೂರು ಹೈವೇಯಲ್ಲಿ ಗಂಟೆಗೆ 70 ಕಿ.ಮೀ. ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ ಅಂತ. ಸರಿಹೋಯಿತು!

ಮೊದಲು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಮಾಡಿಸಿದೆ. ನಡುಕ ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಅಲೈನ್‌ಮೆಂಟ್ (ಚಕ್ರಗಳು ನೇರ ಕೂರುವಂತೆ ಹೊಂದಿಸುವುದು) ಮಾಡಿಸಿದ್ದಕ್ಕೆ ಗಾಡಿ ಎಡಕ್ಕೆ ಎಳೆಯುವುದು ನಿಂತಿತು, ಅಷ್ಟೇ. ಕೊನೆಗೆ ಕೆಲಸಕ್ಕೆ ಬಂದದ್ದು ನಿಮ್ಮಲ್ಲಿ 'ಟೈರಿನ ವಯಸ್ಸು ನೋಡಿ' ಅಂದವರ ಮಾತು. ಬಟನ್ (ಟೈರಿನ ಮೇಲಿನ ಉಬ್ಬುಗಳು) ಸವೆಯದೆ ಹೊಸದರ ಹಾಗಿದೆ ಅಂತ ನಾನು ಆ ಕಡೆ ತಲೆಯೇ ಹಾಕಿರಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇತ್ತು: 1109. ಅಂದರೆ 2009ರ 11ನೇ ವಾರ ತಯಾರಾದದ್ದು! ಶೆಡ್ಡಿನಲ್ಲಿ ನಿಂತು ನಿಂತು ರಬ್ಬರ್ ಗಟ್ಟಿಯಾಗಿ, ಒಂದು ಕಡೆ ಚಪ್ಪಟೆಯಾಗಿತ್ತು. ನಾಲ್ಕೂ ಬದಲಾಯಿಸಿದೆ. ಭಾನುವಾರ ಚನ್ನರಾಯಪಟ್ಟಣ ದಾಟಿ ಹಿರೀಸಾವೆವರೆಗೆ ಹೋಗಿ ಬಂದೆ. 80ರಲ್ಲೂ ನಡುಕವಿಲ್ಲ.

ಆದರೂ 70ರಲ್ಲೇ ಎಡಗಡೆ ಲೇನ್ ಹಿಡಿದು ಹೋಗುತ್ತೇನೆ. 1089 ಸಿಸಿ ಇಂಜಿನ್, ನಾಲ್ಕೇ ಗೇರು, ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕ್, ಈಗಿನ ಕಾರುಗಳ ಡಿಸ್ಕ್ ಬ್ರೇಕಿನಷ್ಟು ಚೆನ್ನಾಗಿ ಹಿಡಿಯಲ್ಲ. ಮುಂದಿನ ಬಸ್ಸು ಗಕ್ಕನೆ ನಿಂತರೆ ನಮ್ಮದೂ ನಿಲ್ಲಬೇಕಲ್ವಾ? ಹಾಂ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಡಿ ಈಗಲೂ ಸ್ವಲ್ಪ ಓಲಾಡುತ್ತದೆ. ಅದಕ್ಕೆ ಮದ್ದಿಲ್ಲ ಅಂತ ಮೆಕ್ಯಾನಿಕ್ ನಕ್ಕರು.