ಪದಚರ್ಚೆ: ಮೀನು ‘ಫಲವತ್ತತೆಯ ಸಂಕೇತ’ವೇ?

ಗೆಳೆಯರೇ,

ಅಕ್ಕನ ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಕಾಲೇಜಿನ ಪ್ರದರ್ಶನಕ್ಕೆ ಮಧುಬನಿ ಚಿತ್ರಗಳ (ಬಿಹಾರದ ಮಿಥಿಲೆಯ ಹೆಂಗಸರು ಬರೆಯುವ ಜನಪದ ಚಿತ್ರಗಳು) ಅಡಿಬರಹ ಕನ್ನಡದಲ್ಲಿ ಬರೆದುಕೊಡು ಮಾಮ ಅಂದಳು. ಮೊದಲ ಚಿತ್ರವೇ ಕೋಹಬರ್. ‘ಮೀನು: ಫಲವತ್ತತೆಯ ಸಂಕೇತ’ ಎಂದು ಬರೆದೆ. ಅಮ್ಮ ಅದನ್ನು ಓದಿ, “ಏನೋ ಇದು, ಗೊಬ್ಬರದ ವಿಷಯವಾ?” ಅಂದರು. ಆವತ್ತಿನಿಂದ ಈ ಎರಡು ಪದ ತಲೆ ತಿನ್ನುತ್ತಿವೆ.

ಕೋಹಬರ್ ನೋಡದವರಿಗೆ ಒಂದೆರಡು ಮಾತು. ಬಿಹಾರದ ಮಿಥಿಲೆಯಲ್ಲಿ ಮದುಮಕ್ಕಳು ಮೊದಲ ರಾತ್ರಿಗಳನ್ನು ಕಳೆಯುವ ಕೋಣೆಗೆ ಈ ಹೆಸರು. ಆ ಕೋಣೆಯ ಗೋಡೆಗೆ ಮನೆಯ ಹೆಂಗಸರು ಬರೆಯುವ ಚಿತ್ರಕ್ಕೂ ಅದೇ ಹೆಸರು. (ಕೋಣೆಗೆ ನಮ್ಮ ‘ಪ್ರಸ್ತದ ಕೋಣೆ’ ಸರಿಹೋಗುತ್ತದೆ. ಚಿತ್ರಕ್ಕೆ? ಸಾಗರ, ಸೊರಬದ ಕಡೆ ದೀವರು ಮದುವೆಗೆ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರ ಇದೆಯಲ್ಲ, ಅದಕ್ಕಿಂತ ಹತ್ತಿರದ ಪದ ನನಗೆ ಹೊಳೆಯಲಿಲ್ಲ.) ನಡುವೆ ದುಂಡಗೆ ಹರಡಿದ ತಾವರೆ ಎಲೆಗಳು. ಅವುಗಳ ಮಧ್ಯದಲ್ಲಿ ನೆಟ್ಟಗೆ ಎದ್ದ ಒಂದು ಬಿದಿರು. ಸುತ್ತ ಜೋಡಿ ಗಿಳಿ, ಆಮೆ, ಹಾವು, ಮತ್ತೆ ಮೀನು. ನನ್ನ ಮುಂದಿರುವ ಚಿತ್ರದಲ್ಲಿ ಮೀನಿನ ಮೈಗೆ ಎರಡೆರಡು ಗೆರೆ, ಒಳಗೆಲ್ಲ ಕೂದಲೆಳೆಯಂಥ ಅಡ್ಡಗೆರೆ. ಕಣ್ಣಂತೂ ತಲೆಯ ಅರ್ಧ ಇದೆ!

ಈಗ ಪದಕ್ಕೆ ಬರೋಣ. ‘ಫಲವತ್ತಾದ ಭೂಮಿ’ ಅನ್ನುತ್ತೇವೆ. ‘ಫಲವತ್ತಾದ ಸೊಸೆ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಮ್ಮ ಗೊಬ್ಬರ ನೆನೆಸಿಕೊಂಡಿದ್ದು ತಪ್ಪಲ್ಲ. ಹೆಂಗಸರ ಬಾಯಲ್ಲಿ ಇರುವುದು ‘ಮಡಿಲು ತುಂಬಲಿ’. ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಹಾಕಿ ಮಡಿಲು ತುಂಬುತ್ತೇವಲ್ಲ, ಆ ಮಾತು. ಆದರೆ ಮಡಿಲು ಹೆಣ್ಣಿನದು ಮಾತ್ರ. ಕೋಹಬರ್ ಇಬ್ಬರಿಗೂ ಸೇರಿದ್ದು. ಹಾಗಾಗಿ ‘ವಂಶ ಬೆಳೆಯಲಿ’ ಜಾಸ್ತಿ ಒಪ್ಪುತ್ತದೇನೋ. ಇಲ್ಲೊಂದು ಮಜಾ ಇದೆ. ಸಂಸ್ಕೃತದ ‘ವಂಶ’ಕ್ಕೆ ಬಿದಿರು ಅಂತಲೂ ಅರ್ಥ, ಕುಲ ಅಂತಲೂ ಅರ್ಥ. ಅಲ್ಲಿನವರ ‘ಬಾಂಸ್’ ಬಿದಿರನ್ನು ಉಳಿಸಿಕೊಂಡಿತು, ನಾವು ಕುಲವನ್ನು ಉಳಿಸಿಕೊಂಡೆವು. ಚಿತ್ರದ ನಡುವೆ ಬಿದಿರು ಯಾಕೆ ನಿಂತಿದೆ ಎಂದು ಆ ಪದವೇ ಹೇಳುತ್ತದೆ!

‘ಸಂಕೇತ’ದ ಕಥೆ ಇನ್ನೂ ಕಷ್ಟ. ನಮ್ಮಲ್ಲಿ ಇಂಥ ಪದಗಳಿಗೆ ಬರವಿಲ್ಲ, ಆದರೆ ಒಂದೊಂದಕ್ಕೂ ಅದರದ್ದೇ ಜಾಗ ಇದೆ. ‘ಚಿಹ್ನೆ’ ಅಂದರೆ ಓಟಿನ ಹಾಳೆ ನೆನಪಾಗುತ್ತದೆ. ‘ಲಾಂಛನ’ ಜೈನರಲ್ಲಿ ಬಹಳ ಕರಾರುವಾಕ್ಕಾದ ಪದ: ಆದಿನಾಥನಿಗೆ ಎತ್ತು, ಮಹಾವೀರನಿಗೆ ಸಿಂಹ. ಪೀಠದ ಮೇಲಿನ ಆ ಪ್ರಾಣಿಯಿಂದಲೇ ಎಷ್ಟೋ ಸಲ ಮೂರ್ತಿ ಯಾರದ್ದೆಂದು ತಿಳಿಯುವುದು. ‘ಸಂಕೇತ’ ಅಂದರೆ ಇಬ್ಬರು ಮೊದಲೇ ಮಾತಾಡಿಕೊಂಡ ಗುಟ್ಟಿನ ಸನ್ನೆ. ಕೋಹಬರಿನ ಮೀನು ಇದ್ಯಾವುದೂ ಅಲ್ಲ. ಮಿಥಿಲೆಯಲ್ಲಿ “ಪಗ್ ಪಗ್ ಪೋಖರ್, ಮಾಛ್, ಮಖಾನ್” ಅನ್ನುತ್ತಾರೆ. ಹೆಜ್ಜೆಹೆಜ್ಜೆಗೂ ಕೆರೆ, ಮೀನು, ಮಖಾನಾ (ಕೆರೆಯಲ್ಲೇ ಬೆಳೆಯುವ, ಹುರಿದು ತಿನ್ನುವ ಬೀಜ). ಅಲ್ಲಿ ಬ್ರಾಹ್ಮಣರೂ ಮೀನು ತಿನ್ನುತ್ತಾರೆ. ಹೊರಡುವಾಗ ಮೀನು ಕಂಡರೆ ಒಳ್ಳೆಯ ಶಕುನ, ನಮ್ಮಲ್ಲಿ ತುಂಬಿದ ಕೊಡ ಎದುರಾದ ಹಾಗೆ. ಗೋಡೆಯ ಮೇಲೆ ಅದನ್ನು ಬರೆದವಳು ಏನನ್ನೂ ‘ಸೂಚಿಸುತ್ತಿಲ್ಲ’. ಹರಸುತ್ತಿದ್ದಾಳೆ, ಅಷ್ಟೆ. 1960ರ ದಶಕದ ಬರಗಾಲದಲ್ಲಿ, ಹೆಂಗಸರಿಗೆ ನಾಲ್ಕು ಕಾಸು ಸಿಗಲಿ ಎಂದು ಕಾಗದ ಕೊಟ್ಟು ಬರೆಸಿದರಲ್ಲ, ಆಮೇಲೆ ಚಿತ್ರ ದೂರದೂರಕ್ಕೆ ಹೋಗಿ ಅಡಿಬರಹ ಬೇಕಾಯಿತು. ಸ್ವಂತ ಗೋಡೆಗೆ ಯಾರಾದರೂ ಅಡಿಬರಹ ಬರೆದುಕೊಳ್ಳುತ್ತಾರಾ?

ಹಾಗಾಗಿ ನಾಮಪದಗಳನ್ನೆಲ್ಲ ಹೊಡೆದುಹಾಕಿದೆ. ಈಗ ಹೀಗಿದೆ: ‘ಮನೆ ತುಂಬ ಮಕ್ಕಳಾಗಲಿ ಎಂದು ಮೀನು. ಜೋಡಿ ಅಗಲದಿರಲಿ ಎಂದು ಗಿಳಿ.’ ಹಾವಿಗೆ ವಿವರಣೆಯೇ ಬೇಡ ಅನ್ನಿಸಿತು. ಅರಳಿಕಟ್ಟೆಯಲ್ಲಿ ಹೆಣೆದುಕೊಂಡ ನಾಗರಕಲ್ಲಿಗೆ ಮಕ್ಕಳಿಗಾಗಿ ಸುತ್ತು ಬರುವುದನ್ನು ನಮ್ಮ ಓದುಗರು ನೋಡಿಯೇ ಇರುತ್ತಾರೆ. ಆಮೆ ಮಾತ್ರ ತೊಡಕು. ಮನೆಗೆ ಆಮೆ ಹೊಕ್ಕರೆ ಕೆಟ್ಟದ್ದು ಎಂಬ ಮಾತು ನಮ್ಮ ಕಡೆ ಉಂಟು. ಅವರು ನೋಡಿದರೆ ಮಲಗುವ ಕೋಣೆಗೇ ಬರೆಯುತ್ತಾರೆ! ‘ಬಾಳು ಗಟ್ಟಿಯಾಗಿ ನಿಲ್ಲಲಿ ಎಂದು’ ಅಂತ ಸೇರಿಸಿದ್ದೇನೆ, ಇಲ್ಲದಿದ್ದರೆ ನೋಡಿದವರು ಗಾಬರಿಯಾದಾರು.

ಇನ್ನು ನನ್ನ ಪ್ರಶ್ನೆ. ಪ್ರದರ್ಶನಕ್ಕೆ ಒಂದು ತಲೆಬರಹ ಬೇಕು. ಮೇಷ್ಟ್ರು ಸೂಚಿಸಿದ್ದು ‘ಪ್ರಾಣಿಗಳ ಸಾಂಕೇತಿಕತೆ’. ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ‘ಹರಸು’ ಇಂದ ಬಂದ ‘ಹರಕೆ’ ಚೆನ್ನಾಗಿದೆ, ಹಳೆಯ ಕನ್ನಡದಲ್ಲಿ ಅದಕ್ಕೆ ಆಶೀರ್ವಾದ ಅಂತಲೇ ಅರ್ಥ. ಖುಷಿಯಿಂದ ‘ಹರಕೆಯ ಪ್ರಾಣಿಗಳು’ ಎಂದು ಬರೆದು ಅಮ್ಮನಿಗೆ ತೋರಿಸಿದೆ. “ಯಾವ ಮಾರಿಹಬ್ಬಕ್ಕೋ? ಎಷ್ಟು ಕುರಿ?” ಅಂದರು.

ಬೇರೆ ಪದ ಇದ್ದರೆ ತಿಳಿಸಿ. ಶುಕ್ರವಾರ ಬ್ಯಾನರ್ ಅಚ್ಚಿಗೆ ಹೋಗುತ್ತದೆ.